ಕುಡಿಯದ ಕಷಾಯ, ಕೊಳೆತ ಮಡಕೆ ಮತ್ತು ಮ್ಯಾನ್‌ಹ್ಯಾಟನ್

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಕಥೆ ಶುರುವಾಗಿದ್ದು ಒಂದು ವಿಡಿಯೋ ಕಾಲ್‌ನಿಂದ.

ನಮ್ಮ ದೊಡ್ಡಮ್ಮನ ಮಗಳು, ಅಂದ್ರೆ ನನ್ನ ಅಕ್ಕ, ಅಮೆರಿಕದ ಜೆರ್ಸಿ ಸಿಟಿಯಲ್ಲಿದ್ದಾಳೆ. ಅಲ್ಲೀಗ ಎಲೆ ಉದುರೋ ಕಾಲ. ಕಾಲ್ ಮಾಡಿದಾಗ ಒಲೆ ಮೇಲೆ ಏನೋ ಕುದೀತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದ್ರು: "ಏನೇ ಅದು, ಕಷಾಯಾನಾ?"

"ಅಲ್ಲಜ್ಜಿ, ಕುಡಿಯೋಕಲ್ಲ. ಮನೆ ಘಮ್ ಅನ್ಲಿ ಅಂತ."

"ಏನೇನು ಹಾಕಿದ್ದೀಯ?"

"ಕಿತ್ತಳೆ ಸಿಪ್ಪೆ, ಸೇಬಿನ ಹೋಳು, ಚಕ್ಕೆ, ಲವಂಗ, ಅರ್ಧ ಜಾಯಿಕಾಯಿ."

ಅಜ್ಜಿಗೆ ತಡೆಯೋಕಾಗ್ಲಿಲ್ಲ. "ಜಾಯಿಕಾಯಿ ಕುದಿಸಿ ಚೆಲ್ಲೋದಾ? ನಿನಗೇನು ದುಡ್ಡು ಹೆಚ್ಚಾಗಿದೆಯಾ?"

ನಾವೆಲ್ಲ ನಕ್ಕೆವು. ಆಮೇಲೆ ನಾನು ಈ ವಿಷಯ ಓದ್ತಾ ಹೋದೆ. ಅಜ್ಜಿ ಕೇಳಿದ್ದು ನಗೋ ಪ್ರಶ್ನೆ ಅಲ್ಲ ಅನ್ನಿಸ್ತು.

ಅಕ್ಕ ಮಾಡ್ತಿದ್ದ ಆ ಪಾತ್ರೆಗೆ ಅಲ್ಲಿ ಪೊಪುರಿ ಅಂತಾರೆ. ನಮ್ಮ ಪೂರಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಫ್ರೆಂಚ್ ಪದ, ಅರ್ಥ 'ಕೊಳೆತ ಮಡಕೆ'. ಸ್ಪೇನಿನಲ್ಲಿ ಓಲ್ಯಾ ಪೊದ್ರೀದಾ ಅಂತ ಒಂದು ಅಡುಗೆ ಇತ್ತು. ಮಾಂಸ, ಕಾಳು, ತರಕಾರಿ ಎಲ್ಲ ಒಂದೇ ಮಡಕೆಯಲ್ಲಿ ಗಂಟೆಗಟ್ಟಲೆ ಬೇಯಿಸೋದು. ಆ ಹೆಸರನ್ನೇ ಫ್ರೆಂಚರು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಮುಂದೆ ಅದು ಹೂವಿನ ಮಡಕೆಗೂ ಅಂಟಿಕೊಂಡಿತು. ಗುಲಾಬಿ ಎಸಳಿಗೆ ಪದರ ಪದರವಾಗಿ ಉಪ್ಪು ಹಾಕಿ, ಮಸಾಲೆ ಸೇರಿಸಿ, ಉಪ್ಪಿನಕಾಯಿ ಥರ ತಿಂಗಳುಗಟ್ಟಲೆ ಇಡ್ತಿದ್ರು. ಎಸಳು ನಿಜವಾಗ್ಲೂ ಹುಳಿತು ಮೆತ್ತಗಾಗ್ತಿತ್ತು. 18ನೇ ಶತಮಾನದ ಫ್ರಾನ್ಸಿನಲ್ಲಿ ಇದಕ್ಕೆಂದೇ ಮುಚ್ಚಳದಲ್ಲಿ ತೂತಿರೋ ಪಿಂಗಾಣಿ ಪಾತ್ರೆಗಳು ಬಂದವು. ರಾಜ 15ನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪಡೋರ್ ಹತ್ತಿರ ಹಡಗಿನ ಆಕಾರದ್ದೇ ಒಂದಿತ್ತು.

ಹಡಗು! ಈ ಘಮ ಯುರೋಪಿಗೆ ಬಂದಿದ್ದೂ ಹಡಗಿನಲ್ಲೇ. ಗುಲಾಬಿ ಅವರ ತೋಟದ್ದು. ಆದ್ರೆ ಚಕ್ಕೆ ಸಿಲೋನಿಂದು, ಲವಂಗ ಮಲುಕು ದ್ವೀಪಗಳದ್ದು. ಜಾಯಿಕಾಯಿ ಮತ್ತು ಅದರ ಮೇಲಿನ ಕೆಂಪು ಜಾಪತ್ರೆ ಬರ್ತಿದ್ದುದು ಈಗಿನ ಇಂಡೋನೇಷ್ಯಾದ ಬಂಡಾ ಅನ್ನೋ ಪುಟ್ಟ ದ್ವೀಪಗಳ ಗುಂಪಿನಿಂದ. ಆಗಿನ ಜಗತ್ತಿನ ಮಾರುಕಟ್ಟೆಗೆ ಅದೊಂದೇ ಮೂಲ.

ಬಿಕಾಂನಲ್ಲಿ ನಮಗೆ ಮೊನೊಪಲಿ ಅಂತ ಒಂದು ಪಾಠ ಇತ್ತು. ಮಾರುವವನು ಒಬ್ಬನೇ ಇದ್ದರೆ ಬೆಲೆ ಅವನು ಹೇಳಿದ್ದೇ. ಬೋರ್ಡ್ ಮೇಲೆ ಎರಡು ಗೆರೆ ಎಳೆದು ಮುಗಿಸಿದ್ರು. ಆ ಎರಡು ಗೆರೆಗಾಗಿ ಜನ ಏನು ಮಾಡಬಲ್ಲರು ಅನ್ನೋದು ಸಿಲಬಸ್‌ನಲ್ಲಿ ಇರಲಿಲ್ಲ.

1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾಯ್ತು, ಜನರಿಗೆ ಷೇರು ಮಾರಿ ಬಂಡವಾಳ ಎತ್ತಿದ ಕಂಪನಿ. ಜಾಯಿಕಾಯಿ ನಮಗೆ ಮಾತ್ರ ಮಾರಬೇಕು ಅಂತ ಬಂಡಾದ ಜನರ ಮೇಲೆ ಒಪ್ಪಂದ ಹೇರಿತು. ಬಂಡಾದವರೋ ಹಳೇ ವ್ಯಾಪಾರಸ್ಥರು. ಜಾವಾದವರು, ಮಲಯದವರು, ಇಂಗ್ಲಿಷರು, ಯಾರು ಬಂದರೂ ಮಾರ್ತಿದ್ರು. ಅದನ್ನು ನಿಲ್ಲಿಸಲಿಲ್ಲ.

1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸ್ಜೋನ್ ಕೂನ್ ಹಡಗುಪಡೆ ತಗೊಂಡು ಬಂದ. ಆ ಪಡೆಯಲ್ಲಿ ಜಪಾನಿನ ಬಾಡಿಗೆ ಸೈನಿಕರೂ ಇದ್ದರು. ಊರಿನ 44 ಮುಖಂಡರ ತಲೆ ಕಡಿಸಿದರು. ಊರುಗಳನ್ನು ಸುಟ್ಟರು. ಇತಿಹಾಸಕಾರರ ಅಂದಾಜಿನಲ್ಲಿ ಸುಮಾರು 15,000 ಜನ ಇದ್ದ ದ್ವೀಪಗಳಲ್ಲಿ ಉಳಿದವರು ಸಾವಿರದಷ್ಟು. ಮಿಕ್ಕವರು ಸತ್ತರು, ಹಸಿದು ಸತ್ತರು, ಗುಲಾಮರಾದರು. ಕೆಲವರು ದೋಣಿ ಹತ್ತಿ ದೂರದ ಕೇ ದ್ವೀಪಗಳಿಗೆ ಓಡಿದರು. ಅವರ ಸಂತತಿ ಇವತ್ತಿಗೂ ಅಲ್ಲೇ ಇದೆ. ಬಂಡಾದ ಹಳೇ ಭಾಷೆ ಉಳಿದಿರೋದೂ ಅಲ್ಲೇ, ಬಂಡಾದಲ್ಲಲ್ಲ.

ಖಾಲಿಯಾದ ತೋಟಗಳನ್ನು ಡಚ್ಚರು ತುಂಡು ಮಾಡಿ ಹಂಚಿಕೊಂಡರು, ಬೇರೆ ಕಡೆಯಿಂದ ಗುಲಾಮರನ್ನು ತಂದು ದುಡಿಸಿದರು. ಜಾಯಿಕಾಯಿ ಬೇರೆಲ್ಲೂ ಮೊಳೆಯಬಾರದು ಅಂತ ಸುಣ್ಣದ ನೀರಲ್ಲಿ ಅದ್ದಿ ಕಳಿಸ್ತಿದ್ರು.

ಇನ್ನೊಂದು ತಿರುವು ಇದೆ. ಬಂಡಾದಲ್ಲೇ ರುನ್ ಅಂತ ಒಂದು ದ್ವೀಪ, ಉದ್ದ ಸುಮಾರು 3 ಕಿಲೋಮೀಟರ್ ಅಷ್ಟೇ. ಅದು ನಮ್ಮದು ಅಂತ ಇಂಗ್ಲಿಷರ ವಾದ, ಆದರೆ ಹಿಡಿತ ಡಚ್ಚರದ್ದು. ಇತ್ತ ಅಮೆರಿಕದಲ್ಲಿ ಹಡ್ಸನ್ ನದಿ ದಡದ ಡಚ್ ವಸಾಹತನ್ನು 1664ರಲ್ಲಿ ಇಂಗ್ಲಿಷರು ಕಿತ್ತುಕೊಂಡಿದ್ದರು. 1667ರ ಬ್ರೆಡಾ ಒಪ್ಪಂದದಲ್ಲಿ, ಯಾರ ಕೈಲಿ ಏನಿದೆಯೋ ಅದು ಅವರಿಗೇ ಅಂತ ತೀರ್ಮಾನ ಆಯ್ತು. ಡಚ್ಚರಿಗೆ ರುನ್ ಉಳೀತು. ಇಂಗ್ಲಿಷರಿಗೆ ಮ್ಯಾನ್‌ಹ್ಯಾಟನ್ ಉಳೀತು.

ನಮ್ಮಕ್ಕನ ಕಿಟಕಿಯಿಂದ ಕಾಣೋದು ಅದೇ ಮ್ಯಾನ್‌ಹ್ಯಾಟನ್. ಅವಳು ನಿಂತಿರೋ ಜೆರ್ಸಿ ಸಿಟಿಯ ನೆಲವೂ ಆ ಡಚ್ ವಸಾಹತಿನದ್ದೇ. ಒಲೆ ಮೇಲೆ ಕುದೀತಿರೋದು ಜಾಯಿಕಾಯಿ. ಇದನ್ನು ಅವಳಿಗೆ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೊನೊಪಲಿ ಶಾಶ್ವತವಾಗಿ ಉಳೀಲಿಲ್ಲ. 1770ರ ಸುಮಾರಿಗೆ ಪಿಯೆರ್ ಪ್ವಾವ್ರ್ ಅನ್ನೋ ಫ್ರೆಂಚ್ ಅಧಿಕಾರಿ ಗಿಡಗಳನ್ನು ಕದ್ದು ತರಿಸಿ ಮಾರಿಷಸ್‌ನಲ್ಲಿ ನೆಡಿಸಿದ. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟಿಷರು ಬಂಡಾ ಹಿಡಿದಾಗ ಸಸಿಗಳು ಪಿನಾಂಗ್, ಸಿಲೋನ್ ಕಡೆ ಹೊರಟವು. ಮುಂದೆ ಗ್ರೆನಡಾ ದೇಶದ ಬಾವುಟದ ಮೇಲೂ ಜಾಯಿಕಾಯಿ ಬಂತು. ಇವತ್ತು ನಮ್ಮ ಕರಾವಳಿ, ಮಲೆನಾಡಿನ ಅಡಿಕೆ ತೋಟಗಳಲ್ಲೂ ಬೆಳೀತಾರೆ. ಬೆಲೆ ಇಳೀತು. ಆಮೇಲೇ ಅದನ್ನು ಬರೀ ಘಮಕ್ಕಾಗಿ ಕುದಿಸಿ ಚೆಲ್ಲೋಕೆ ಸಾಧ್ಯವಾಗಿದ್ದು. ಅಮೆರಿಕದ ಮೆಕಾರ್ಮಿಕ್ ಕಂಪನಿ 1934ರಲ್ಲಿ ಕುಂಬಳಕಾಯಿ ಪೈಗೆ ರೆಡಿ ಮಸಾಲೆ ಡಬ್ಬಿ ತಂದಿತು. ಈಗ ಆ ವಾಸನೆ ಬಂದ್ರೆ ಅಲ್ಲಿನವರಿಗೆ ಎಲೆ ಉದುರೋ ಕಾಲ ಬಂತು ಅಂತ ಅರ್ಥ. ಆ ನೆಲದಲ್ಲಿ ಬೆಳೆಯದ ಮಸಾಲೆಯೇ ಅವರಿಗೆ ಮನೆಯ ವಾಸನೆ ಆಗಿಬಿಟ್ಟಿದೆ.

ಹಾಗಾದ್ರೆ ಮಾಡಲೇಬಾರದಾ? ನಾನು ಹಾಗೆ ಹೇಳಲ್ಲ. ನಾನೂ ಮಾಡಿದೆ. ನಾಲ್ಕೈದು ಲೋಟ ನೀರು, ಎರಡು ಕಿತ್ತಳೆ ಸಿಪ್ಪೆ, ಎರಡು ಚಕ್ಕೆ, ಎಂಟು ಹತ್ತು ಲವಂಗ, ಒಂದು ಚೂರು ಜಾಯಿಕಾಯಿ. ಒಂದು ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ. ಸಿಪ್ಪೆ, ಮಸಾಲೆಯಲ್ಲಿರೋ ಎಣ್ಣೆ ಬಿಸಿಗೆ ಹಬೆ ಜೊತೆ ಮೇಲೆದ್ದು ಮನೆ ತುಂಬುತ್ತೆ. ನೀರು ಇಂಗಿದಂಗೆಲ್ಲ ಬಿಸಿನೀರು ಸೇರಿಸ್ತಾ ಇರಿ, ತಳ ಹಿಡಿದ್ರೆ ಘಮ ಹೋಗಿ ಸುಟ್ಟ ವಾಸನೆ ಬರುತ್ತೆ. ಒಲೆ ಹಚ್ಚಿಟ್ಟು ಹೊರಗೆ ಹೋಗಬೇಡಿ.

ಅಜ್ಜಿಗೆ ಬಂಡಾದ ಕಥೆ ಹೇಳಿದೆ. ಎಳೆ ಕೂಸುಗಳಿಗೆ ಜಾಯಿಕಾಯಿ ತೇಯ್ದು ನಾಲಿಗೆಗೆ ನೆಕ್ಕಿಸಿದ ಕೈ ಅದು. ಡಬ್ಬಿಯಿಂದ ಒಂದು ಕಾಯಿ ತೆಗೆದು, ಅಂಗೈಯಲ್ಲಿ ಇಟ್ಕೊಂಡು, ಸುಮಾರು ಹೊತ್ತು ನೋಡಿದ್ರು.

"ಇಷ್ಟು ಚಿಕ್ಕದಕ್ಕಾ?" ಅಂದ್ರು.

ಇವತ್ತಿಗೆ ಇಷ್ಟೇ. ಮುಂದಿನ ವಾರ ಸಿಗೋಣ.