ತಸ್ತೀಕು (ಶೃಂಗೇರಿ)

ದೇವಾಲಯ, ಮಠ, ಛತ್ರ ಮೊದಲಾದ ಧರ್ಮಸಂಸ್ಥೆಗಳಿಗೆ ಸರ್ಕಾರ ವರ್ಷಂಪ್ರತಿ ಕೊಡುವ ನಗದು. ಹಿಂದೆ ಇವುಗಳ ಖರ್ಚು ನಡೆಯುತ್ತಿದ್ದುದು ದಾನವಾಗಿ ಬಂದ ಇನಾಂ ಭೂಮಿಯ ಹುಟ್ಟುವಳಿಯಿಂದ.

ತುಂಗಾ ತೀರದ ಶೃಂಗೇರಿ ಮಠ ಇದಕ್ಕೆ ಒಳ್ಳೆಯ ನಿದರ್ಶನ. 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು ಇಲ್ಲಿಗೆ ಭೂದಾನ ಮಾಡಿದರು. ಕೆಳದಿ ನಾಯಕರೂ ಮೈಸೂರು ಅರಸರೂ ಅದನ್ನು ಮುಂದುವರಿಸಿದರು. 1791ರಲ್ಲಿ ಮರಾಠ ಸೈನ್ಯದವರು ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಬರೆದರು. ಮಠದ ದೇವತೆ ಶಾರದೆಯ ಪುನಃಪ್ರತಿಷ್ಠೆಗಾಗಿ 200 ರಹತಿ (ಆಗಿನ ನಾಣ್ಯ) ನಗದನ್ನೂ ಬೇಕಾದ ಸಾಮಗ್ರಿಯನ್ನೂ ಒದಗಿಸುವಂತೆ ಅವನು ಬಿದನೂರಿನ ಅಧಿಕಾರಿಗೆ ಅಪ್ಪಣೆ ಕಳಿಸಿದ. ಇದು ತುರ್ತು ನೆರವು. ನಿತ್ಯದ ಆಧಾರ ಮಾತ್ರ ದಾನವಾಗಿ ಬಂದ ಜಹಗೀರಿನ ಹಳ್ಳಿಗಳೇ ಆಗಿದ್ದವು.

1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯ್ದೆಯಿಂದ ಇಂಥ ಜಮೀನುಗಳು ಸರ್ಕಾರಕ್ಕೆ ಸೇರಿದವು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಭೂಮಿಯೂ ಹೋಯಿತು. ಆ ಹುಟ್ಟುವಳಿಯ ಬದಲಿಗೆ ಸಿಗುವುದೇ ತಸ್ತೀಕು. ಉಳುವವನಿಗೆ ನ್ಯಾಯ ಸಿಕ್ಕಿತು, ಸರಿ. ಆದರೆ ಬೆಳೆಯ ಬೆಲೆ ಏರಿದಂತೆ ಗೇಣಿ ಅಕ್ಕಿಯ ಬೆಲೆಯೂ ಏರುತ್ತಿತ್ತು. ತಸ್ತೀಕಿನ ಮೊತ್ತ ಹಾಗೆ ತಾನಾಗಿ ಏರುವುದಿಲ್ಲ. ಬೇರೆ ವರಮಾನವಿಲ್ಲದ ಮಲೆನಾಡಿನ ಸಣ್ಣ ಗುಡಿಗಳಿಗೆ ಇದರ ಪೆಟ್ಟು ಹೆಚ್ಚು. ಶೃಂಗೇರಿಯಂಥ ದೊಡ್ಡ ಮಠಕ್ಕೆ ಭಕ್ತರ ಕಾಣಿಕೆಯ ಬಲವಿದೆ.

ಇನ್ನು ದೇವಾಲಯಗಳ ಆಡಳಿತಕ್ಕೆ ಸಂಬಂಧಿಸಿದ 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ ಮಠಗಳಿಗೂ ಅವುಗಳಿಗೆ ಸೇರಿದ ದೇವಾಲಯಗಳಿಗೂ ಅನ್ವಯಿಸುವುದಿಲ್ಲ; ಹಾಗಾಗಿ ಶೃಂಗೇರಿ ಮಠವೂ ಅದರ ಹೊರಗೇ.