ತುಂಗಾ–ಭದ್ರಾ ದಡದ ಆಮೆ: ಜನಪದ ಸ್ಮೃತಿ ಹಾಗೂ ಸಂರಕ್ಷಣೆಯ ಚರಿತ್ರೆ

ಮಲೆನಾಡಿನ ನದಿಗಳನ್ನು ಕುರಿತು ನಮ್ಮಲ್ಲಿ ಸ್ಥಳಪುರಾಣಗಳಿವೆ, ಶಾಸನಗಳಿವೆ, ಕಾವ್ಯಗಳಿವೆ. ಆದರೆ ಆ ನದಿಗಳ ಒಡಲಲ್ಲಿ ಬದುಕಿದ ಜೀವಿಗಳ ಚರಿತ್ರೆಯನ್ನು ಜಾನಪದದ ನೆಲೆಯಿಂದ ಕಟ್ಟಿಕೊಡುವ ಪ್ರಯತ್ನಗಳು ವಿರಳ. ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳ ನದೀತೀರವನ್ನು ಮುಂದಿಟ್ಟುಕೊಂಡು ಸಿಹಿನೀರಿನ ಆಮೆಯ ವಿಚಾರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೀನನ್ನು ದೇವರದೆಂದು ಕಾಯ್ದುಕೊಂಡ ಈ ದಡದಲ್ಲಿ ಆಮೆಗೆ ಅಂಥ ರಕ್ಷೆ ಏಕೆ ದೊರೆಯಲಿಲ್ಲ ಎಂಬುದು ಮೊದಲ ಪ್ರಶ್ನೆ. ಮೃಗಾಲಯಗಳಲ್ಲಿ ಕುಳಿತು ಆಮೆಯ ಸಂತತಿಯನ್ನು ಉಳಿಸಲು ಹೆಣಗುತ್ತಿರುವ ಇಂದಿನ ವಿಜ್ಞಾನಿಗಳಿಗೆ ಈ ದಡದ ಜನರ ತಿಳಿವಳಿಕೆ ಯಾವ ರೀತಿಯಲ್ಲಿ ಬೇಕಾಗಿದೆ ಎಂಬುದು ಎರಡನೆಯದು.

ತುಂಗೆ ಮತ್ತು ಭದ್ರೆ ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟುತ್ತವೆ. ವರಾಹಸ್ವಾಮಿಯ ಎರಡು ದಾಡೆಗಳಿಂದ ಈ ಎರಡು ನದಿಗಳು ಹರಿದವೆಂಬ ಪ್ರತೀತಿ ಇದೆ. ತುಂಗೆ ಶೃಂಗೇರಿಯನ್ನು ಹಾದು ಕೊಪ್ಪ ತಾಲ್ಲೂಕಿನ ಹರಿಹರಪುರದತ್ತ ಸಾಗಿದರೆ, ಭದ್ರೆ ಬಾಳೆಹೊನ್ನೂರಿನ ಮೂಲಕ ಲಕ್ಕವಳ್ಳಿಯ ಕಡೆಗೆ ಇಳಿಯುತ್ತದೆ. ಹೀಗೆ ಹುಟ್ಟಿನಲ್ಲಿಯೇ ಪ್ರಾಣಿಯೊಂದರ ನೆನಪನ್ನು ಹೊತ್ತ ನದಿಗಳಿವು. ಶೃಂಗೇರಿಯ ಸ್ಥಳಪುರಾಣದಲ್ಲಿ ಕಪ್ಪೆಗೂ ಹಾವಿಗೂ ಸ್ಥಾನ ದೊರೆತಿದೆ: ಸುಡುಬಿಸಿಲಿನಲ್ಲಿ ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ನೀಡಿದ್ದನ್ನು ಕಂಡು ಶಂಕರಾಚಾರ್ಯರು ಈ ನೆಲವನ್ನು ಆರಿಸಿಕೊಂಡರೆಂಬ ಕಥೆಯ ಕುರುಹಾಗಿ ಸ್ನಾನಘಟ್ಟದ ಬಳಿ ಕಪ್ಪೆಶಂಕರನ ಶಿಲ್ಪವಿದೆ. ಅದೇ ಘಟ್ಟದ ನೀರಿನಲ್ಲಿ ದೇವರ ಮೀನುಗಳಿವೆ. ಭಕ್ತರು ಮಂಡಕ್ಕಿ ಹಾಕುತ್ತಾರೆ. ಯಾರೂ ಬಲೆ ಬೀಸುವುದಿಲ್ಲ. ತುಂಗೆಯಲ್ಲಿಯೇ ಕೆಳಗೆ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯೂ, ಘಟ್ಟದ ಕೆಳಗೆ ಕಪಿಲಾ ನದಿಯ ಶಿಶಿಲವೂ ಇಂಥವೇ ಮತ್ಸ್ಯಧಾಮಗಳು. ಶಿಶಿಲದಲ್ಲಿ 1996ರಲ್ಲಿ ವಿಷವಿಕ್ಕಿ ಮೀನುಗಳನ್ನು ಕೊಂದಾಗ ಊರಿನವರು ಸತ್ತ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಇಷ್ಟು ಗಾಢವಾದ ರಕ್ಷಣೆಯ ಪರಂಪರೆ ಇರುವ ನಾಡು ಇದು.

ಆಮೆಯಾದರೋ ದಶಾವತಾರದಲ್ಲಿ ಮೀನಿನ ಮುಂದಿನ ಸ್ಥಾನದಲ್ಲಿದೆ. ಗರ್ಭಗುಡಿಯ ತಳಪಾಯಕ್ಕೆ ಕೂರ್ಮಶಿಲೆಯನ್ನಿಡುವ ವಿಧಿ ಆಗಮಗಳಲ್ಲಿದೆ. ಅನೇಕ ದೇವಾಲಯಗಳ ನೆಲಹಾಸಿನ ಕಲ್ಲಿನಲ್ಲಿ ಆಮೆ ಕೆತ್ತಲ್ಪಟ್ಟಿದೆ. ಅಂದರೆ ಆಮೆ ಗುಡಿಯೊಳಗೆ ಪ್ರವೇಶ ಪಡೆದದ್ದು ಭಾರ ಹೊರುವ ಕಲ್ಲಾಗಿ. ನೀರಿನಲ್ಲಿರುವ ಜೀವಂತ ಆಮೆಯ ಮೇಲೆ ಆ ಪಾವಿತ್ರ್ಯದ ನೆರಳು ಬಿದ್ದಂತೆ ತೋರುವುದಿಲ್ಲ. ನೆರೆಯ ತಮಿಳು, ತೆಲುಗು ಗಾದೆಗಳಲ್ಲಂತೂ ಆಮೆ ಹೊಕ್ಕ ಮನೆಯನ್ನೂ ಜಪ್ತಿಗೆ ಬರುವ ಅಮೀನ ಹೊಕ್ಕ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ. ಇದಕ್ಕೆ ತದ್ವಿರುದ್ಧವಾಗಿ ಇತ್ತೀಚಿನ ದಶಕಗಳಲ್ಲಿ ವಾಸ್ತುವಿನ ಹೆಸರಿನಲ್ಲಿ ಲೋಹದ ಆಮೆಯನ್ನು ತಟ್ಟೆಯಲ್ಲಿಟ್ಟು ಪೂಜಿಸುವ ರೂಢಿ ಹಬ್ಬಿದೆ. ಅದನ್ನು ಜನಪದವೆಂದು ಕರೆಯಲು ಈ ಲೇಖಕನ ಮನಸ್ಸು ಒಪ್ಪುವುದಿಲ್ಲ. ಅದು ಅಂಗಡಿಯಿಂದ ಬಂದ ನಂಬಿಕೆ.

ಇವೆಲ್ಲಕ್ಕಿಂತ ಹೆಚ್ಚು ಗಮನಾರ್ಹವಾದುದು ಮತ್ತೊಂದು ಆಶಯ. ಮೀನು ತನ್ನ ಮರಿಗಳನ್ನು ನೋಟದಿಂದ, ಹಕ್ಕಿ ಸ್ಪರ್ಶದಿಂದ, ಆಮೆ ಕೇವಲ ನೆನಹಿನಿಂದ ಸಲಹುತ್ತದೆ ಎಂಬ ದೃಷ್ಟಾಂತ ನೀತಿಗ್ರಂಥಗಳಲ್ಲಿಯೂ ಗುರು–ಶಿಷ್ಯ ಸಂಬಂಧದ ವಿವರಣೆಗಳಲ್ಲಿಯೂ ಪ್ರಸಿದ್ಧ. ವಿದ್ವಾಂಸರು ಇದನ್ನು ಅಧ್ಯಾತ್ಮದ ರೂಪಕವಾಗಿ ಮಾತ್ರ ವ್ಯಾಖ್ಯಾನಿಸುತ್ತ ಬಂದಿದ್ದಾರೆ. ಆದರೆ ಈ ರೂಪಕದ ತಳದಲ್ಲಿ ದಡದಲ್ಲಿ ನಿಂತು ಕಂಡವರ ಅನುಭವವಿದೆ. ಹೆಣ್ಣಾಮೆ ನೀರಿನಿಂದ ಮೇಲೆ ಬಂದು, ಹಿಂಗಾಲುಗಳಿಂದ ಗುಳಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ, ನೀರಿಗೆ ಮರಳುತ್ತದೆ. ಕಾವಿಗೆ ಕೂರುವುದಿಲ್ಲ, ಮರಿ ಹೊರಬರುವಾಗ ಬಳಿಯಲ್ಲಿರುವುದೂ ಇಲ್ಲ. ಆದರೂ ಮರಿಗಳು ತಾವಾಗಿಯೇ ನೀರಿನ ದಾರಿ ಹಿಡಿಯುತ್ತವೆ. ತಾಯಿಯನ್ನು ಕಾಣದೆ ಬದುಕುವ ಮರಿಗಳಿಗೆ ತಾಯಿಯ ನೆನಹೇ ಆಧಾರವೆಂದು ಹೇಳಿದವರು ಈ ಸಂಗತಿಯನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಕಾವು ಕೊಡುವುದು ದಡದ ಮರಳು, ಮಣ್ಣು. ಅನೇಕ ಜಾತಿಯ ಆಮೆಗಳಲ್ಲಿ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನೂ ಆ ನೆಲದ ಶಾಖವೇ ನಿರ್ಧರಿಸುತ್ತದೆಂದು ವಿಜ್ಞಾನ ಹೇಳುತ್ತದೆ. ಆದ್ದರಿಂದ ಆಮೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ದಡದ ಚರಿತ್ರೆಯೇ.

ಆ ದಡಕ್ಕೆ ಏನಾಯಿತು? ಭದ್ರೆಯ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದು 1960ರ ದಶಕದಲ್ಲಿ ನೀರು ತುಂಬಿದಾಗ, ಹಿಂದೆ ಎಡೆಹಳ್ಳಿ ಎನಿಸಿಕೊಂಡಿದ್ದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆದ ನರಸಿಂಹರಾಜಪುರದ ಸುತ್ತಣ ಗದ್ದೆಗಳು, ಊರುಗಳು, ತರೀಕೆರೆಯಿಂದ ಬರುತ್ತಿದ್ದ ಕಿರಿದಾದ ರೈಲುಹಾದಿಯ ಭಾಗ ಇವೆಲ್ಲ ಹಿನ್ನೀರಿನಡಿ ಹೋದವು. ಹಳೆಯ ಹೊಳೆಯ ಮರಳುದಿಣ್ಣೆಗಳೂ ಹೋದವು. ಊರು ಮುಳುಗಿದ್ದಕ್ಕೆ ಪರಿಹಾರದ ಕಡತವುಂಟು. ಮರಳುದಿಣ್ಣೆ ಮುಳುಗಿದ್ದಕ್ಕೆ ಕಡತವಿಲ್ಲ. ಅನಂತರ ನದಿಯ ಮೇಲ್ಭಾಗದಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಬಂದಿತು. 1976ರಲ್ಲಿ ಕಂಪನಿ ಸ್ಥಾಪನೆಯಾಗಿ, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯದಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಮಳೆಗಾಲದಲ್ಲಿ ಭದ್ರೆಗೆ ಹೂಳು ಹರಿದುಬರುತ್ತಿತ್ತು. ಮನೆ ಕಟ್ಟಲು ಹೊಳೆಯ ಮರಳು ತೆಗೆಯುವ ದಂಧೆ ಎರಡೂ ನದಿಗಳನ್ನು ಬಾಧಿಸಿದೆ.

ಆಮೆ ಕ್ಷೀಣಿಸಲು ಅದನ್ನು ಹಿಡಿದು ತಿಂದವರೇ ಕಾರಣವೆಂದು ಹೇಳಿಬಿಡುವುದು ಸುಲಭ. ಮೊದಲ ಮಳೆಗೆ ಗದ್ದೆಯತ್ತ ಏರಿಬರುವ ಹತ್ತುಮೀನಿಗೆ ಕೂಣಿ ಒಡ್ಡುವುದು ಮಲೆನಾಡಿನ ಹಳೆಯ ಪದ್ಧತಿ. ಅದರಲ್ಲಿ ಸಿಕ್ಕ ಆಮೆ ಉಸಿರಿಗೆ ಮೇಲೆ ಬರಲಾಗದಿದ್ದರೆ ಸಾಯುತ್ತದೆ. ಕಾರೆಕಾಯಿ ಅರೆದು ಮಡುವಿಗೆ ಹಾಕುವುದೂ ಉಂಟು. ಆದರೆ ಇವುಗಳಿಗೆ ಋತುವಿನ, ಸ್ಥಳದ ಕಟ್ಟುಪಾಡಿತ್ತು. ತೋಟೆ ಸಿಡಿಸಿ ಇಡೀ ಮಡುವನ್ನೇ ಬರಿದು ಮಾಡುವ ಕ್ರಮಕ್ಕೆ ಅಂಥ ಕಟ್ಟುಪಾಡಿಲ್ಲ. ಎರಡನ್ನೂ ಒಂದೇ ಎಂದು ಬರೆಯುವ ವರದಿಗಳು ಸಾಂಪ್ರದಾಯಿಕ ಬೇಟೆಯವರಿಗೆ ಅನ್ಯಾಯ ಮಾಡುತ್ತವೆ.

ದಕ್ಷಿಣದ ನದಿಗಳಿಗೇ ವಿಶಿಷ್ಟವಾದ ಮೆದುಚಿಪ್ಪಿನ ಆಮೆಯೊಂದಿದೆ. ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞ 1872ರಲ್ಲಿ ಲೀತ್ ಎಂಬ ವೈದ್ಯನ ಹೆಸರಿನಲ್ಲಿ ಇದನ್ನು ವರ್ಣಿಸಿದ. ಮರಿಯ ಬೆನ್ನಮೇಲೆ ಕಣ್ಣಿನಂಥ ಚುಕ್ಕೆಗಳಿರುತ್ತವೆ. ಕೃಷ್ಣೆ, ತುಂಗಭದ್ರೆ, ಕಾವೇರಿಗಳು ಇದರ ನೆಲೆ. ಕಳೆದ 30 ವರ್ಷಗಳಲ್ಲಿ ಇದರ ಸಂಖ್ಯೆ ಶೇ. 90ರಷ್ಟು ಕುಸಿದಿದೆಯೆಂಬ ಅಂದಾಜಿನ ಮೇಲೆ, 2022ರ ನವೆಂಬರಿನಲ್ಲಿ ಪನಾಮದಲ್ಲಿ ನಡೆದ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಭಾರತದ ಪ್ರಸ್ತಾವದಂತೆ ಇದನ್ನು ಎರಡನೆಯ ಅನುಬಂಧದಿಂದ ಮೊದಲನೆಯದಕ್ಕೆ ಏರಿಸಲಾಯಿತು. ಗದ್ದೆ, ಕೆರೆ, ಅಡಿಕೆತೋಟದ ಬಸಿಗಾಲುವೆಗಳಲ್ಲಿ ಕಾಣಸಿಗುವ ಕಪ್ಪಾಮೆಯ ಸ್ಥಿತಿ ಇಷ್ಟು ವಿಷಮವಲ್ಲ.

ಇಂಥ ಸಂದರ್ಭದಲ್ಲಿ ಮೃಗಾಲಯಗಳ ಪಾತ್ರ ಬದಲಾಗಿದೆ. 1892ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ಮೃಗಾಲಯ ಸ್ಥಾಪಿಸಿದಾಗ ಅದು ನೋಡುವ ತಾಣ. ಇಂದು ದೇಶದ ಮೃಗಾಲಯಗಳು ಸಂತಾನಾಭಿವೃದ್ಧಿ ಮತ್ತು ಸಂಶೋಧನೆಯ ಹೊಣೆಯನ್ನೂ ಹೊತ್ತಿವೆ. ಡಾಕ್ಟರೇಟ್ ಮುಗಿಸಿದ ಯುವ ಸಂಶೋಧಕರು ಮುಂದಿನ ಅಧ್ಯಯನಕ್ಕಾಗಿ ಆಮೆಯಂಥ ಅಲಕ್ಷಿತ ಜೀವಿಯನ್ನು ಆರಿಸಿಕೊಂಡಾಗ ಅವರಿಗೆ ಎದುರಾಗುವ ತೊಡಕು ಕೇವಲ ತೊಟ್ಟಿಯ ಮತ್ತು ಆಹಾರದ್ದಲ್ಲ. ಕಳ್ಳಸಾಗಣೆಯಲ್ಲಿ ವಶಪಡಿಸಿಕೊಂಡ ಆಮೆ ಯಾವ ಹೊಳೆಯದೆಂದು ತಿಳಿಯದಿದ್ದರೆ ಅದನ್ನಾಗಲಿ ಅದರ ಮರಿಯನ್ನಾಗಲಿ ಯಾವ ಹೊಳೆಗೆ ಬಿಡಬೇಕು? ಬಿಟ್ಟರೆ ಅಲ್ಲಿ ಮೊಟ್ಟೆಯಿಡಲು ದಡ ಉಳಿದಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಪ್ರಯೋಗಶಾಲೆಯ ಹೊರಗಿದೆ.

ಅಸ್ಸಾಮಿನ ಉದಾಹರಣೆ ಇಲ್ಲಿ ಪ್ರಸ್ತುತ. ಅಲ್ಲಿಯ ಕರಿಯ ಮೆದುಚಿಪ್ಪಿನ ಆಮೆ ಸಹಜ ನೆಲೆಯಲ್ಲಿ ಅಳಿದಿದೆಯೆಂದು 2002ರಲ್ಲಿ ಘೋಷಿತವಾಗಿತ್ತು. ಹಾಜೋದ ಹಯಗ್ರೀವ ಮಾಧವ ದೇವಾಲಯದ ಕೊಳದಂಥ ದೇವರ ಕೊಳಗಳಲ್ಲಿ ಭಕ್ತರು ಅದನ್ನು ಸಾಕಿಕೊಂಡಿದ್ದರು. ಕೊಳದ ದಂಡೆಯ ಮೊಟ್ಟೆಗಳನ್ನು ಗುವಾಹಾಟಿಯ ಮೃಗಾಲಯದಲ್ಲಿ ಮರಿ ಮಾಡಿಸಿ ಪೊಬಿತೊರಾ ವನ್ಯಧಾಮದ ಜಲಭಾಗಕ್ಕೆ ಬಿಡಲಾಗಿದೆ. ತುಂಗೆಯ ದಡದಲ್ಲಿ ಮೀನಿಗೆ ದೊರೆತ ದೈವರಕ್ಷೆ ಅಲ್ಲಿ ಆಮೆಗೆ ದೊರೆತಿತ್ತು. ಮೃಗಾಲಯದ ವಿಜ್ಞಾನಕ್ಕೆ ಬೀಜ ದೊರೆತದ್ದು ಆ ನಂಬಿಕೆಯ ಕೊಳದಿಂದ.

ದೈವರಕ್ಷೆ ಇಲ್ಲದೆಡೆಯಲ್ಲಿಯೂ ಜನರ ತಿಳಿವಳಿಕೆ ಕೆಲಸ ಮಾಡಿದ ನಿದರ್ಶನಗಳಿವೆ. ಕೊಚ್ಚಿ ಸಂಸ್ಥಾನದ ಕಾಡಿನಲ್ಲಿ ದೊರೆತು 1912ರಲ್ಲಿ ವರ್ಣಿತವಾದ ಬೆತ್ತದಾಮೆ ಅನಂತರ ದಶಕಗಳ ಕಾಲ ಯಾವ ವಿಜ್ಞಾನಿಯ ಕಣ್ಣಿಗೂ ಬೀಳಲಿಲ್ಲ. 1982ರಲ್ಲಿ ಮದರಾಸಿನ ಮೊಸಳೆ ಉದ್ಯಾನದ ಸಂಶೋಧಕಿ ಜೆ. ವಿಜಯಾ ಅದನ್ನು ಮತ್ತೆ ಕಂಡುಹಿಡಿದರು. ಕಾಡಿನಲ್ಲಿಯೇ ತಂಗಿದ್ದ ಅವರಿಗೆ ಆಮೆಯ ಜಾಡು ತೋರಿಸಿದವರು ಕಾಡರ್ ಬುಡಕಟ್ಟಿನವರು. ವಿಜ್ಞಾನಕ್ಕೆ ಕಳೆದುಹೋಗಿದ್ದ ಆಮೆ ಕಾಡರ್ ಜನರಿಗೆ ಕಳೆದುಹೋಗಿರಲಿಲ್ಲ. 1987ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ವಿಜಯಾ ತೀರಿಕೊಂಡರು. 2006ರಲ್ಲಿ ಆ ಕುಲಕ್ಕೆ ಅವರ ಹೆಸರನ್ನಿಟ್ಟು ‘ವಿಜಯಚೆಲಿಸ್’ ಎಂದು ಕರೆಯಲಾಯಿತು. ಕರ್ನಾಟಕದ ಘಟ್ಟದ ಕಾಡುಗಳಲ್ಲಿಯೂ ಈ ಆಮೆ ದಾಖಲಾಗಿದೆ. ಗೌರವ ಸಂದದ್ದು ಯುಕ್ತವೇ. ಜಾಡು ತೋರಿಸಿದವರ ಹೆಸರು ಮಾತ್ರ ಕುಲನಾಮಗಳಲ್ಲಿ ಸೇರುವುದಿಲ್ಲ.

ಕನ್ನಡದ ಗಡಿನೆಲವಾದ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಆಯುಷಿ ಜೈನ್ ಅವರು ನಡೆಸಿದ ದೈತ್ಯ ಮೆದುಚಿಪ್ಪಿನ ಆಮೆಯ ಅಧ್ಯಯನ ಇನ್ನೂ ಹತ್ತಿರದ್ದು. ದಡದ ನಿವಾಸಿಗಳನ್ನೂ ಮೀನುಗಾರರನ್ನೂ ವಿಚಾರಿಸಿ, ಅವರು ಕಂಡದ್ದನ್ನು ದಾಖಲಿಸಿ, ಸುದ್ದಿ ತಲುಪಿಸುವ ಜಾಲವನ್ನು ಕಟ್ಟಿದ್ದರಿಂದ ಗೂಡು ಪತ್ತೆಯಾಯಿತು, ಮೊಟ್ಟೆಗಳನ್ನು ಕಾಪಾಡಿ ಮರಿಗಳನ್ನು ಹೊಳೆಗೆ ಬಿಡುವುದು ಸಾಧ್ಯವಾಯಿತು. 2024ರಲ್ಲಿ ಪ್ರಕಟವಾದ ಈ ಕೆಲಸದ ವಿಧಾನ ಜಾನಪದ ಅಭ್ಯಾಸಿಗಳಿಗೆ ಹೊಸದೇನಲ್ಲ: ವಕ್ತೃಗಳನ್ನು ಹುಡುಕುವುದು, ಕೇಳುವುದು, ಒಬ್ಬರ ಮಾತನ್ನು ಮತ್ತೊಬ್ಬರ ಮಾತಿನೊಂದಿಗೆ ತಾಳೆ ನೋಡುವುದು.

ಅದೇ ವಿಧಾನವನ್ನು ಹರಿಹರಪುರದಿಂದ ಬಾಳೆಹೊನ್ನೂರಿನವರೆಗಿನ ದಡಗಳಲ್ಲಿ ಅನುಸರಿಸಬಹುದು. ಇಲ್ಲಿಯ ಜನ ಕಾಲವನ್ನು ಎಣಿಸುವುದು ಮಳೆನಕ್ಷತ್ರಗಳಿಂದ. ‘ಮೇ ತಿಂಗಳೇ, ಜೂನೇ’ ಎಂದು ಕೇಳಿದರೆ ತಡವರಿಸುವ ಹಿರಿಯರು, ರೋಹಿಣಿಯೋ ಮೃಗಶಿರವೋ ಆರಿದ್ರೆಯೋ ಎಂದು ಕೇಳಿದರೆ ಖಚಿತವಾಗಿ ಉತ್ತರಿಸುತ್ತಾರೆ. ಆಮೆ ದಡಕ್ಕೆ ಬಂದದ್ದು ಯಾವ ಮಳೆಯಲ್ಲಿ, ಮರಿ ಕಂಡದ್ದು ಯಾವ ಮಳೆಯಲ್ಲಿ, ದಿಣ್ಣೆ ಎಷ್ಟು ಎತ್ತರವಿತ್ತು, ಬಾವಿಗೆ ಬಿಡಲು ಆಮೆ ತಂದದ್ದು ಎಲ್ಲಿಂದ ಎಂಬ ವಿವರಗಳನ್ನು ಊರೂರಿನ ಪ್ರಕಾರ ಬರೆದಿಟ್ಟರೆ ಮೃಗಾಲಯದ ಸಂಶೋಧಕನಿಗೆ ಅದು ಕೈಪಿಡಿಯಾಗುತ್ತದೆ. ಭದ್ರೆಯ ಹಿನ್ನೀರು ಏರುವ ಮೊದಲು ಎಡೆಹಳ್ಳಿಯ ಸುತ್ತಿನ ಮರಳುದಿಣ್ಣೆಗಳ ಮೇಲೆ ಓಡಾಡಿದವರಲ್ಲಿ ಆಗ ಇಪ್ಪತ್ತರ ಪ್ರಾಯದವರಾಗಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ.