ಕಾಯಕದ ಮೈಮೇಲಿನ ಕುರುಹು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಿಂದ ನೋಡಿದ ಚರಿತ್ರೆ

2023ರ ಅಕ್ಟೋಬರ್ 28ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಿಗಮ, ಮಂಡಳಿಗಳ ಹುದ್ದೆಗಳಿಗೆ ಪರೀಕ್ಷೆ ನಡೆಸಿದಾಗ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಕೆಲವು ಅಭ್ಯರ್ಥಿಗಳು ಬ್ಲೂಟೂತ್ ಸಾಧನಗಳೊಂದಿಗೆ ಸಿಕ್ಕಿಬಿದ್ದರು. ತನಿಖೆಯ ಜಾಡು ಅಫಜಲಪುರ ತಾಲ್ಲೂಕಿಗೂ ಬಂತು. ಮುಂದಿನ ವಾರವೇ ಲೋಕಸೇವಾ ಆಯೋಗದ ಪರೀಕ್ಷೆಗೆ ಕಲಬುರಗಿಯಲ್ಲಿ ಬಂದ ಹೆಣ್ಣುಮಕ್ಕಳಿಗೆ ತಾಳಿ, ಕಾಲುಂಗುರ ತೆಗೆದಿಟ್ಟು ಒಳಗೆ ಹೋಗಿ ಎಂದರು. ಕೂಗಾಟವಾಯಿತು. ನವೆಂಬರ್ 18 ಮತ್ತು 19ರ ಪರೀಕ್ಷೆಗಳಿಗೆ ಪ್ರಾಧಿಕಾರ ಹೊರಡಿಸಿದ ವಸ್ತ್ರಸಂಹಿತೆಯಲ್ಲಿ ತಾಳಿಗೂ ಕಾಲುಂಗುರಕ್ಕೂ ವಿನಾಯಿತಿ ಸಿಕ್ಕಿತು. ತಲೆ, ಬಾಯಿ, ಕಿವಿ ಮುಚ್ಚುವ ಬಟ್ಟೆಗೆ, ಟೊಪ್ಪಿಗೆಗೆ ಸಿಗಲಿಲ್ಲ. ಹಿಜಾಬ್ ತೊಡುವವರು ಒಂದು ಗಂಟೆ ಮೊದಲೇ ಬಂದು ತಪಾಸಣೆ ಮಾಡಿಸಿಕೊಳ್ಳಲಿ ಎಂದು ಉನ್ನತ ಶಿಕ್ಷಣ ಸಚಿವ ಎಂ.ಸಿ. ಸುಧಾಕರ್ ಹೇಳಬೇಕಾಯಿತು.

ಸರ್ಕಾರಿ ನೌಕರಿಯ ಹೊಸ್ತಿಲಲ್ಲೇ ಎದ್ದ ಈ ಗದ್ದಲವನ್ನು ಎಲ್ಲರೂ ಧರ್ಮದ ಜಗಳವೆಂದು ಓದಿದರು. ಚರಿತ್ರೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ದುಡಿಯುವವರ ಮೈಮೇಲಿನ ಕುರುಹಿಗೆ ಅಡ್ಡಿ ಬಂದದ್ದು ಕೆಲಸಕ್ಕೆ ತೊಂದರೆಯಾಯಿತೆಂಬ ಕಾರಣಕ್ಕೆ ಅಪರೂಪ. ಅಧಿಕಾರಕ್ಕೆ ಅನುಮಾನ ಬಂದದ್ದು, ಇಲ್ಲವೇ ಎಲ್ಲರೂ ಒಂದೇ ತೆರನಾಗಿ ಕಾಣಬೇಕೆಂಬ ಹಟ ಬಂದದ್ದೇ ಹೆಚ್ಚು. ಈ ಲೇಖನದ ವಾದ ಇಷ್ಟೇ: ಕುರುಹು ಇರಬೇಕೋ ಬೇಡವೋ ಎಂಬುದನ್ನು ಆ ಕೆಲಸವೇ ತೀರ್ಮಾನಿಸಬೇಕು, ನೋಡುವವರ ಕಣ್ಣಲ್ಲ.

ಈ ಸೀಮೆಯಲ್ಲಿ ದುಡಿಮೆ ಮತ್ತು ಕುರುಹು ಬಹಳ ಹಿಂದೆಯೇ ಎದುರಾಬದುರಾಗಿವೆ. ಹನ್ನೆರಡನೆಯ ಶತಮಾನದ ಶರಣರು ಗುಡಿಯ ಲಿಂಗವನ್ನು ಬಿಟ್ಟು ಇಷ್ಟಲಿಂಗವನ್ನು ಮೈಮೇಲೆ ತಂದುಕೊಂಡರು. ಅಂಬಿಗ, ಮಡಿವಾಳ, ಸಮಗಾರ, ಕುಂಬಾರ, ಹಗ್ಗ ಹೊಸೆಯುವವರು ಎಲ್ಲರ ಕೊರಳಲ್ಲೂ ಅದು ಬಂತು. ಕೆಲಸಗಾರನ ಬೆವರು ಸೋಕುವ ಜಾಗಕ್ಕೆ ದೇವರನ್ನು ತಂದ ಚಳವಳಿ ಇದು. ಆಗಲೇ ಹುಟ್ಟಬೇಕಾದ ಪ್ರಶ್ನೆಯೂ ಹುಟ್ಟಿತು. ಕೆಲಸದ ನಡುವೆ ಕುರುಹು ಅಡ್ಡ ಬಂದರೆ ಏನು ಮಾಡಬೇಕು?

ನುಲಿಯ ಚಂದಯ್ಯನ ಕಥೆ ಅದಕ್ಕೆ ಸಿಕ್ಕ ಉತ್ತರ. ವಿಜಯಪುರ ಜಿಲ್ಲೆಯ ಶಿವಣಗಿಯವನೆಂದು ಪರಂಪರೆ ಹೇಳುವ ಈತ ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸುತ್ತಿದ್ದ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ನೀರಿಗೆ ಬಿತ್ತು. ಚಂದಯ್ಯ ತಿರುಗಿ ನೋಡಲಿಲ್ಲ. ಹೊರೆ ಹೊತ್ತು ನಡೆದ. ಲಿಂಗವೇ ಬೆನ್ನುಹತ್ತಿ ಬಂದು ಅಂಗಲಾಚಿತು. ಮಡಿವಾಳ ಮಾಚಯ್ಯ ನಡುವೆ ಬಂದು ವಾದಿಸಿದ ಮೇಲೆ, ಲಿಂಗವೂ ಕಾಯಕ ಮಾಡಬೇಕೆಂಬ ಷರತ್ತಿನ ಮೇಲೆ ಚಂದಯ್ಯ ಅದನ್ನು ಒಪ್ಪಿಕೊಂಡ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ.

ಇದನ್ನು ‘ಕಾಯಕ ದೊಡ್ಡದು, ಕುರುಹು ಚಿಕ್ಕದು’ ಎಂದು ಓದುವವರಿದ್ದಾರೆ. ಆ ಓದು ಅರ್ಧಕ್ಕೇ ನಿಂತದ್ದು. ಕಳಚಿದ ಲಿಂಗವನ್ನು ಅಲ್ಲೇ ಬಿಟ್ಟು ನಡೆದವನು ಚಂದಯ್ಯನೇ. ಬೇರೆ ಯಾರೂ ಅವನ ಕೊರಳಿಗೆ ಕೈ ಹಾಕಿರಲಿಲ್ಲ. ಮಾಚಯ್ಯನಿಗೆ ಅದು ಸರಿ ಕಾಣದಿದ್ದಾಗ ಅವನೂ ಅಪ್ಪಣೆ ಕೊಡಲಿಲ್ಲ, ಮಾತಿಗೆ ಕುಳಿತ. ಕೊನೆಗೆ ಕುರುಹೂ ಉಳಿಯಿತು, ಕೆಲಸವೂ ಉಳಿಯಿತು. ಐತಿಹ್ಯವನ್ನು ದಾಖಲೆ ಎಂದು ನಾನು ಮಂಡಿಸುತ್ತಿಲ್ಲ. ಇಂಥ ವ್ಯಾಜ್ಯ ಹೀಗೆ ತೀರಬೇಕು ಎಂದು ಒಂದು ಸಮಾಜ ಕಲ್ಪಿಸಿಕೊಂಡಿತ್ತಲ್ಲ, ಆ ಕಲ್ಪನೆ ಚರಿತ್ರೆಯ ಭಾಗ.

ಅಪ್ಪಣೆಯ ದಾರಿ ಹಿಡಿದದ್ದು ಈಸ್ಟ್ ಇಂಡಿಯಾ ಕಂಪನಿ. 1805ರ ಕೊನೆಗೆ ಮದ್ರಾಸ್ ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಕ್ ಸಿಪಾಯಿಗಳಿಗೆ ಹೊಸ ರುಮಾಲು ಗೊತ್ತುಮಾಡಿದ. ಅದರಲ್ಲಿ ಚರ್ಮದ ತುಣುಕಿತ್ತು. ಸಮವಸ್ತ್ರದಲ್ಲಿರುವಾಗ ಹಣೆಯ ಮೇಲೆ ನಾಮ, ವಿಭೂತಿ ಕೂಡದು, ಕಿವಿಯಲ್ಲಿ ಒಂಟಿ ಕೂಡದು, ಗಡ್ಡ ಬೋಳಿಸಬೇಕು ಎಂಬ ಆಜ್ಞೆಗಳೂ ಬಂದವು. ಹಿಂದೂ ಸಿಪಾಯಿಗಳೂ ಮುಸ್ಲಿಂ ಸಿಪಾಯಿಗಳೂ ಒಂದೇ ಏಟಿಗೆ ಗಾಯಗೊಂಡರು. 1806ರ ಜುಲೈ 10ರ ನಸುಕಿನಲ್ಲಿ ವೆಲ್ಲೂರಿನ ಕೋಟೆಯಲ್ಲಿ ದಂಗೆ ಎದ್ದಿತು. ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಆರ್ಕಾಟಿನಿಂದ ಬಂದ ದಂಡು ಸಿಪಾಯಿಗಳನ್ನು ನೂರುಗಟ್ಟಲೆ ಕೊಂದಿತು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿದ್ದುದರಿಂದ ರಾಜಕೀಯ ಕಾರಣಗಳೂ ಬೆರೆತಿದ್ದವು. ಆದರೂ ಅದೇ ತಿಂಗಳು ಹೈದರಾಬಾದಿನ ಕಂಪನಿ ಪಡೆಯಲ್ಲಿ ಇದೇ ಆಜ್ಞೆಗಳ ವಿರುದ್ಧ ಗುಸುಗುಸು ಎದ್ದಿತೆಂಬುದನ್ನು, ಅಲ್ಲಿನ ಸೇನಾಧಿಕಾರಿ ಅವನ್ನು ತಡೆಹಿಡಿದೊಡನೆ ಅಸಮಾಧಾನ ಇಳಿಯಿತೆಂಬುದನ್ನು ಮರೆಯುವಂತಿಲ್ಲ. ಹೊಸ ರುಮಾಲು ತೊಟ್ಟ ಸಿಪಾಯಿ ಹಳೆಯ ರುಮಾಲಿನವನಿಗಿಂತ ಚೆನ್ನಾಗಿ ಗುಂಡು ಹೊಡೆಯುತ್ತಾನೆಂದು ಯಾರೂ ವಾದಿಸಿರಲಿಲ್ಲ. ನೋಟಕ್ಕೆ ಬೇಕಿತ್ತು, ಅಷ್ಟೇ. ಮದ್ರಾಸಿನ ಗವರ್ನರ್ ಬೆಂಟಿಂಕ್ ಮತ್ತು ಕ್ರಾಡಕ್ ಇಬ್ಬರನ್ನೂ ಕಂಪನಿ ವಾಪಸು ಕರೆಸಿಕೊಂಡಿತು.

ಕಲಬುರಗಿ ಜಿಲ್ಲೆಯ ನಮ್ಮ ಮೂರೂ ತಾಲ್ಲೂಕುಗಳು ನಿಜಾಮನ ರಾಜ್ಯದಲ್ಲಿದ್ದವು. ಶೇರ್ವಾನಿ, ರೂಮಿ ಟೊಪ್ಪಿಗೆ ಹೈದರಾಬಾದಿನ ನೌಕರಶಾಹಿಯ ಉಡುಪಾದವು. ದರ್ಬಾರಿಗೆ ಹೋಗುವವರಿಗೆ ದಸ್ತಾರ್ ಎಂಬ ರುಮಾಲು ಮತ್ತು ನಡುಪಟ್ಟಿ ಬೇಕಿತ್ತು. ಅದು ಧರ್ಮದ ಉಡುಪೋ ಪ್ರತಿಷ್ಠೆಯ ಉಡುಪೋ ಎಂದು ಬೇರ್ಪಡಿಸುವುದು ಕಷ್ಟ, ಯಾಕೆಂದರೆ ಶೇರ್ವಾನಿ ತೊಟ್ಟ ಹಿಂದೂ ಅಧಿಕಾರಿಗಳೂ ಇದ್ದರು. 1947-48ರಲ್ಲಿ ರಜಾಕಾರರ ಹಾವಳಿಗೆ ಗಡಿ ದಾಟಿ ಸೋಲಾಪುರದ ಕಡೆಗೆ ಓಡಿದವರ ನೆನಪು ಈ ಸೀಮೆಯಲ್ಲಿದೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತದ ಸೇನೆಗೆ ಶರಣಾದ ನಂತರ ಮುಸ್ಲಿಮರು ಅನುಭವಿಸಿದ ಹಿಂಸೆಯೂ ಇಲ್ಲಿಯದೇ. ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಸರಿಸಿತು. ಎರಡೂ ಕಡೆಯ ಈ ನೋವನ್ನು ಬಲ್ಲ ನೆಲದಲ್ಲಿ ಕಚೇರಿಯ ಬಾಗಿಲಲ್ಲಿ ನಿಂತು ‘ಅದನ್ನು ತೆಗಿ’ ಎನ್ನುವ ಮಾತು ಎಷ್ಟು ಭಾರವೆಂಬುದನ್ನು ನಿಯಮ ಬರೆಯುವವರು ತಿಳಿದಿರಬೇಕು.

ಸಂವಿಧಾನ ಕೊಟ್ಟ ಚೌಕಟ್ಟನ್ನು ಚುಟುಕಾಗಿ ನೆನೆಯಬಹುದು. 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಧರ್ಮದ ಆಧಾರದ ಭೇದವನ್ನು ತಡೆಯುತ್ತದೆ. 25ನೇ ವಿಧಿ ಧರ್ಮಾಚರಣೆಗೆ ಸ್ವಾತಂತ್ರ್ಯ ಕೊಟ್ಟು, ಕಿರ್ಪಾಣ್ ಧರಿಸುವುದು ಸಿಖ್ ಧರ್ಮದ ಭಾಗವೆಂದು ವಿವರಣೆಯಲ್ಲೇ ಬರೆದಿದೆ. ಬೀದರಿನ ಗುರುನಾನಕ್ ಝೀರಾ ಗುರುದ್ವಾರ ನಮಗೆ ಹತ್ತಿರವೇ ಇರುವುದರಿಂದ ಇದು ದೂರದ ಮಾತೇನಲ್ಲ. 2022ರ ಮಾರ್ಚ್ 4ರಂದು ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆ ವಿಮಾನ ನಿಲ್ದಾಣದ ಸಿಖ್ ನೌಕರರು ಕಿರ್ಪಾಣ್ ಧರಿಸಬಾರದೆಂದಿತು. ಎಂಟು ದಿನಕ್ಕೆ ಆ ಮಾತನ್ನು ಹಿಂತೆಗೆದುಕೊಂಡಿತು. ಸೈನ್ಯದ ಮಾತು ಬೇರೆ, ಅಲ್ಲಿ 33ನೇ ವಿಧಿಯಂತೆ ಹಕ್ಕುಗಳನ್ನು ಮೊಟಕುಗೊಳಿಸಬಹುದು. ವಾಯುಪಡೆಯ ನೌಕರನೊಬ್ಬ ಗಡ್ಡ ಬಿಡಲು ಕೇಳಿದ ಮೊಕದ್ದಮೆಯಲ್ಲಿ 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಶಿಸ್ತಿನ ಪರವಾಗಿ ತೀರ್ಪು ಕೊಟ್ಟಿತು.

ತೊಡಕಾಗಿರುವುದು ‘ಅತ್ಯಗತ್ಯ ಧಾರ್ಮಿಕ ಆಚರಣೆ’ ಎಂಬ ಅಳತೆಗೋಲು. 1954ರಲ್ಲಿ ಉಡುಪಿಯ ಶಿರೂರು ಮಠದ ಮೊಕದ್ದಮೆಯಿಂದ ಬೆಳೆದು ಬಂದ ಈ ತತ್ವವನ್ನೇ ಹಿಡಿದು 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್, ಹಿಜಾಬ್ ಅತ್ಯಗತ್ಯವಲ್ಲವೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತ ಮತ್ತು ಸುಧಾಂಶು ಧೂಲಿಯಾ ಭಿನ್ನ ತೀರ್ಪು ಕೊಟ್ಟರು. ಆ ಅಳತೆಗೋಲನ್ನು ನಮ್ಮ ಸೀಮೆಗೆ ತಂದು ನೋಡಿ. ವೀರಶೈವ ಲಿಂಗಾಯತರಿಗೆ ಇಷ್ಟಲಿಂಗ ಅತ್ಯಗತ್ಯವೆಂದು ಸಿದ್ಧಪಡಿಸಬಹುದು. ಗಾಣಗಾಪುರಕ್ಕೆ ಹೋಗಿಬಂದವರ ಕೊರಳ ರುದ್ರಾಕ್ಷಿ? ಆಳಂದದ ಲಾಡ್ಲೆ ಮಶಾಯಕ ದರ್ಗಾದಲ್ಲಿ ತಾಯಿ ಮಗನ ತೋಳಿಗೆ ಕಟ್ಟಿದ ತಾಯಿತ? ಹಣೆಗೆ ಹಚ್ಚಿಕೊಂಡ ಈಭೂತಿ? ಇವು ಅತ್ಯಗತ್ಯವೆಂದು ಕೋರ್ಟಿನಲ್ಲಿ ಸಿದ್ಧಪಡಿಸುವುದು ಅಷ್ಟು ಸುಲಭವಲ್ಲ. ಈ ಅಳತೆಯಲ್ಲಿ ಪಂಡಿತರ ಧರ್ಮಕ್ಕೆ ರಕ್ಷಣೆ ಸಿಗುತ್ತದೆ, ಬಡವರ ನಂಬಿಕೆ ಬಾಗಿಲ ಹೊರಗೆ ಉಳಿಯುತ್ತದೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಹೈಕೋರ್ಟಿನ ಹಿಜಾಬ್ ತೀರ್ಪು ವಿದ್ಯಾರ್ಥಿಗಳ ಕುರಿತದ್ದಾಗಿತ್ತು. ತೀರ್ಪಿಗೆ ಮುಂಚೆ ಕೊಟ್ಟಿದ್ದ ಮಧ್ಯಂತರ ಆದೇಶ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸುತ್ತದೆಂದು 2022ರ ಫೆಬ್ರವರಿ 23ರಂದು ಹೈಕೋರ್ಟ್ ಪೀಠವೇ ಮೌಖಿಕವಾಗಿ ಹೇಳಿತ್ತು. ಆದರೆ ಅಷ್ಟರೊಳಗೆ ತುಮಕೂರಿನಲ್ಲಿ ಅತಿಥಿ ಉಪನ್ಯಾಸಕಿಯೊಬ್ಬರು ಹಿಜಾಬ್ ಕಾರಣಕ್ಕೆ ಕೆಲಸ ಬಿಟ್ಟಿದ್ದರು. ಹಿಜಾಬ್ ತೊಡುವ ಶಿಕ್ಷಕಿಯರನ್ನು ಪರೀಕ್ಷಾ ಕೆಲಸಕ್ಕೆ ನೇಮಿಸುವುದಿಲ್ಲವೆಂದು ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಏಪ್ರಿಲ್‌ನಲ್ಲಿ ಹೇಳಿದರು. ಮಕ್ಕಳ ಸಮವಸ್ತ್ರಕ್ಕಾಗಿ ಮಾಡಿದ ನಿಯಮ ಹೀಗೆ ಕೂಲಿ, ಸಂಬಳದ ಜಾಗಕ್ಕೆ ಸದ್ದಿಲ್ಲದೆ ಹರಿದುಬಂತು.

ಬಸ್ಸಿನಲ್ಲೂ ಇದೇ. 2023ರ ಜುಲೈನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸಿನಲ್ಲಿ ಪ್ರಯಾಣಿಕಳೊಬ್ಬಳು ಕಂಡಕ್ಟರನ ಟೊಪ್ಪಿಗೆಯನ್ನು ಪ್ರಶ್ನಿಸಿ ತೆಗೆಸಿದ ವಿಡಿಯೊ ಹರಿದಾಡಿತು. ಟಿಕೆಟ್ ಕೊಡುವ ಕೆಲಸದಲ್ಲಿ ಆತನಿಗೆ ಲೋಪವಿತ್ತೇ ಎಂದು ಯಾರೂ ಕೇಳಲಿಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಊರಿನಲ್ಲಿ 1967ರಲ್ಲಿ ತರಸೇಮ್ ಸಿಂಗ್ ಸಂಧು ಎಂಬ ಬಸ್ ಚಾಲಕ ಗಡ್ಡ, ಪೇಟದೊಂದಿಗೆ ಕೆಲಸಕ್ಕೆ ಬಂದಾಗ ಅವರನ್ನು ಮನೆಗೆ ಕಳಿಸಿದ್ದರು. ಎರಡು ವರ್ಷದ ಹೋರಾಟದ ಬಳಿಕ, 1969ರಲ್ಲಿ ಆ ನಿಷೇಧ ಹೋಯಿತು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ದಿನವೂ ಆಳಂದಕ್ಕೆ, ಅಫಜಲಪುರಕ್ಕೆ, ಜೇವರ್ಗಿಗೆ ಓಡುತ್ತವೆ. ಖಾಕಿ ಅಂಗಿಯಿಂದ ನೌಕರನ ಗುರುತು ಸಿಗುತ್ತದೆ. ಆ ಅಂಗಿಯ ಮೇಲಿನ ಹಣೆಯಲ್ಲಿ ವಿಭೂತಿ ಇದ್ದರೂ, ತಲೆಯಲ್ಲಿ ಟೊಪ್ಪಿಗೆ ಇದ್ದರೂ ಬ್ರೇಕು ಹಿಡಿಯುವುದರಲ್ಲಿ ವ್ಯತ್ಯಾಸವಾಗುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ ಆಗುತ್ತದೆ? ಈ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ: ಆಳಂದದ ಭೂಸನೂರು, ಅಫಜಲಪುರದ ಹಾವಳಗಾ, ಜೇವರ್ಗಿ ಸೀಮೆಯ ಮಳ್ಳಿ. ಕಬ್ಬು ಸಾಗಿಸುವ ಚೈನು, ಅರೆಯುವ ಉರುಳೆ, ಸಕ್ಕರೆ ಬೇರ್ಪಡಿಸುವ ತಿರುಗು ಯಂತ್ರ, ಇವುಗಳ ಬಳಿ ಜೋಲುವ ಶಾಲು, ಉದ್ದ ಸರ, ಸಡಿಲ ಸೆರಗು ಜೀವಕ್ಕೇ ಕುತ್ತು. ಚಲಿಸುವ ಯಂತ್ರವನ್ನು ಪರೀಕ್ಷಿಸುವ, ಅದಕ್ಕೆ ಎಣ್ಣೆ ಬಿಡುವ ಕೆಲಸಗಾರ ಮೈಗಂಟಿದ ಬಟ್ಟೆ ತೊಟ್ಟಿರಬೇಕು, ಅದನ್ನು ಕಾರ್ಖಾನೆಯೇ ಒದಗಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ ಬರೆದದ್ದು ಅದಕ್ಕೇ. ಅದರಲ್ಲಿ ಧರ್ಮದ ಹೆಸರೇ ಇರಲಿಲ್ಲ. ಕೇಸರಿ ಶಾಲಿಗೂ ಹಸಿರು ಶಾಲಿಗೂ ಅದೇ ನಿಯಮವಿತ್ತು. ಅಡುಗೆ ಮನೆಯಲ್ಲಿ, ಆಸ್ಪತ್ರೆಯ ಗಾಯ ಕಟ್ಟುವ ಕೋಣೆಯಲ್ಲಿ ಉಂಗುರ, ಬಳೆ ಬೇಡವೆನ್ನುವುದಕ್ಕೂ ಇಂಥದೇ ಆಧಾರವಿದೆ. 2013ರ ಜನವರಿ 15ರಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಬ್ರಿಟನ್ನಿನ ಎರಡು ಶಿಲುಬೆಗಳ ವಿಷಯದಲ್ಲಿ ಈ ಗೆರೆಯನ್ನೇ ಎಳೆಯಿತು: ವಿಮಾನ ಸಂಸ್ಥೆಯ ಕೌಂಟರಿನ ನೌಕರಳು ಗೆದ್ದಳು, ರೋಗಿಗಳನ್ನು ಎತ್ತಿ ಮಲಗಿಸುವ ದಾದಿ ಸೋತಳು. ಎರಡೂ ಕೊರಳ ಸರಗಳೇ, ಕೆಲಸ ಬೇರೆ.

ಇಲ್ಲಿನ ದುಡಿಯುವ ಹೆಣ್ಣುಮಕ್ಕಳಿಗೆ ಈ ವಿವೇಕ ಯಾರೂ ಕಲಿಸಬೇಕಿಲ್ಲ. ತೊಗರಿ ಕೊಯ್ಯುವಾಗ ತಾಳಿಯನ್ನು ಕುಪ್ಪಸದೊಳಗೆ ಸೇರಿಸಿ ಪಿನ್ನು ಹಾಕಿಕೊಳ್ಳುತ್ತಾರೆ. ಗಂಡಸರು ಇಷ್ಟಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಬಿಗಿದುಕೊಳ್ಳುತ್ತಾರೆ. ಕುರುಹು ಉಳಿಸಿಕೊಂಡೇ ಕೆಲಸಕ್ಕೆ ದಾರಿ ಮಾಡಿಕೊಡುವ ಇಂಥ ಹತ್ತು ಉಪಾಯಗಳು ಅವರ ಬಳಿ ಇವೆ. ನಿಯಮ ಬರೆಯುವ ಮೇಜಿನ ಬಳಿ ಮಾತ್ರ ಅವರನ್ನು ಕರೆದಿಲ್ಲ.

ಈ ವಾದಕ್ಕೆ ಇರುವ ನಿಜವಾದ ಆಕ್ಷೇಪಣೆ ಬೇರೆ. ಎಲ್ಲ ಕುರುಹೂ ಇಷ್ಟಪಟ್ಟು ತೊಟ್ಟದ್ದಲ್ಲ. ದಲಿತ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದೂ ದೇವರ ಹೆಸರಲ್ಲೇ. 1982ರ ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ ಆ ಪದ್ಧತಿಯನ್ನು ಅಪರಾಧವೆಂದಿತು, ಸರಿಯಾಗಿಯೇ. ಹಿಜಾಬನ್ನೂ ತಾಳಿಯನ್ನೂ ಮನೆಯವರ ಒತ್ತಾಯಕ್ಕೆ ತೊಡುವವರಿದ್ದಾರೆ. ಅಂಥವರನ್ನು ಉದ್ಧರಿಸಲೆಂದು ಕಚೇರಿ ಬಾಗಿಲಲ್ಲಿ ತಡೆದರೆ ಕಳೆದುಹೋಗುವುದು ಅವರ ಸಂಬಳ, ಅಂದರೆ ಒತ್ತಾಯದಿಂದ ಹೊರಬರಲು ಅವರಿಗಿರುವ ಒಂದೇ ದಾರಿ. ಕಟ್ಟಿದವರ ಮೇಲೆ ಕಾನೂನು ಹೋಗಲಿ; 1982ರ ಕಾಯ್ದೆ ತಾನಾಗಿ ಕಟ್ಟಿಸಿಕೊಳ್ಳದ ಹೆಣ್ಣನ್ನು ಕೆಲಸದಿಂದ ತೆಗೆಯಿರಿ ಎಂದೇನೂ ಹೇಳಲಿಲ್ಲ.

2025ರ ಏಪ್ರಿಲ್‌ನಲ್ಲಿ ಬೀದರ್ ಮತ್ತು ಶಿವಮೊಗ್ಗದಲ್ಲಿ ಸಿಇಟಿ ಬರೆಯಲು ಬಂದವರ ಜನಿವಾರ ತೆಗೆಸಲು ಹೋಗಿ ಸಿಬ್ಬಂದಿ ಅಮಾನತಾದರು. ಅದೇ ತಿಂಗಳು ರೈಲ್ವೆ ನೇಮಕಾತಿ ಪರೀಕ್ಷೆಗೆ ಮಂಗಳಸೂತ್ರ, ಜನಿವಾರ ಬೇಡವೆಂಬ ಸೂಚನೆ ಬಂದಾಗ ಕೇಂದ್ರ ಸಚಿವ ವಿ. ಸೋಮಣ್ಣ ಮಧ್ಯೆ ಬಂದರು. ಯಾರ ಕುರುಹಿಗೆ ಹೆಚ್ಚು ಜನ ಕೂಗುತ್ತಾರೋ ಅವರಿಗೆ ವಿನಾಯಿತಿ ಎಂಬ ಈ ರೀತಿಗೆ ಬದಲಾಗಿ ಬಳಸಬಹುದಾದ ಹಳೆಯ ಪದ್ಧತಿಯೊಂದಿದೆ. 1946ರ ಔದ್ಯೋಗಿಕ ಸ್ಥಾಯಿ ಆದೇಶಗಳ ಕಾಯ್ದೆಯಂತೆ ಮಾಲೀಕ ಕೆಲಸದ ನಿಯಮಗಳ ಕರಡು ಸಲ್ಲಿಸಬೇಕಿತ್ತು, ಪ್ರಮಾಣೀಕರಿಸುವ ಅಧಿಕಾರಿ ಕಾರ್ಮಿಕರ ಆಕ್ಷೇಪಣೆ ಕೇಳಬೇಕಿತ್ತು. ಉಡುಪಿನ ನಿಯಮಕ್ಕೂ ಇದನ್ನೇ ಕಡ್ಡಾಯ ಮಾಡಬಹುದು: ಯಾವ ಕೆಲಸಕ್ಕೆ, ಯಾವ ಅಪಾಯಕ್ಕಾಗಿ, ಯಾವ ವಸ್ತು ಬೇಡ ಎಂದು ಮಾಲೀಕ ಬರೆದು ಕೊಡಲಿ, ನೌಕರರು ಉತ್ತರ ಹೇಳಲಿ. ದೊಡ್ಡ ಕಾರ್ಖಾನೆಯ ಕಾಯಂ ಕೆಲಸಗಾರರಿಗೆ ಇಷ್ಟಾದರೂ ಸಿಗಬಹುದು. ಅಂಗನವಾಡಿ ಕಾರ್ಯಕರ್ತೆಗೆ, ಬಿಸಿಯೂಟದ ಅಡುಗೆಯವಳಿಗೆ, ಹೊರಗುತ್ತಿಗೆಯ ಡೇಟಾ ಆಪರೇಟರ್‌ಗೆ, ಅತಿಥಿ ಉಪನ್ಯಾಸಕಿಗೆ ಆ ಕಾಯ್ದೆಯ ಆಸರೆ ಇರಲಿಲ್ಲ. ಸರ್ಕಾರ ಮೊದಲು ಬರೆಯಬೇಕಾದದ್ದು ಇವರಿಗಾಗಿ, ಯಾಕೆಂದರೆ ಇವರನ್ನು ಕೆಲಸದಿಂದ ಬಿಡಿಸಲು ಆದೇಶವೂ ಬೇಕಾಗುವುದಿಲ್ಲ, ನಾಳೆಯಿಂದ ಬರಬೇಡ ಎಂಬ ಒಂದು ಮಾತು ಸಾಕು.